ಹನ್ನೆರಡು ಚಕ್ಕಡಿ ಗರಸು

ರಾಣಿ ಒಡ್ಡಿನ ಮೇಲೆ ಓಡಿಬಂದು ದುರ್ಗಪ್ಪನ ಪಿಕಾಸಿಯ ಹಿಡಿಕೆಗೆ ಕೈ ಹಾಕಿದಾಗ ಗಂಟೆ ಒಂಬತ್ತು ಹತ್ತು. ಅಷ್ಟರೊಳಗೆ ನಡೆದದ್ದರ ಕ್ರಮ ಹೀಗಿತ್ತು: ಹಿಂದಿನ ಸಂಜೆ ಏಳಕ್ಕೆ ಅವಳ ತಂದೆ ಅಮೋಘಸಿದ್ದಪ್ಪ ಊಟದ ತಾಟಿನ ಮುಂದೆ ಕುಳಿತಲ್ಲೇ ಒರಗಿ ತೀರಿಕೊಂಡಿದ್ದ. ಬೆಳಿಗ್ಗೆ ಆರಕ್ಕೆ ಹೆಣವನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂರಿಸಿ, ಹಣೆಗೆ ಭಂಡಾರ ಹಚ್ಚಿ, ಹೆಗಲಿಗೆ ಕಂಬಳಿ ಹೊದಿಸಿದ್ದರು. ಏಳೂವರೆಗೆ ಪಂಚಾಯತಿ ಮೆಂಬರ್ ಬಸವಣ್ಣೆಪ್ಪ ಬಂದು, ಇಂಥ ಮನುಷ್ಯನನ್ನು ಎಲ್ಲರಂತೆ ಹೊಲದಲ್ಲಿ ಹೂಳುವುದು ಊರಿಗೇ ಶೋಭೆಯಲ್ಲ, ಒಡ್ಡು ಕಾದವನು ಒಡ್ಡಿನ ಮೇಲೆಯೇ ಇರಲಿ ಎಂದಿದ್ದ. ಎಂಟಕ್ಕೆ ಅಣ್ಣ ಸುನೀಲ ಒಪ್ಪಿದ್ದ. ಎಂಟು ನಲವತ್ತಕ್ಕೆ ಅಗೆತ ಸುರುವಾಗಿತ್ತು. ಕಿತ್ತೂರಿನಿಂದ ಮೊದಲ ಬಸ್ಸಿಗೆ ಬಂದ ರಾಣಿ, ತಂದೆಯ ಮುಖ ನೋಡಿ ತಾಯಿಯ ಕೊರಳಿಗೆ ಬಿದ್ದು ಅಳಬೇಕು ಎನ್ನುವಷ್ಟರಲ್ಲಿ ಯಾರೋ ಈ ಸುದ್ದಿ ಹೇಳಿದರು. ಅಳುವನ್ನು ಅಲ್ಲಿಯೇ ಬಿಟ್ಟು ಓಡಿದ್ದಳು.

"ದುರ್ಗಪ್ಪ ಕಾಕಾ, ನಿಲ್ಲಸು. ಒಡ್ಡಿನ್ಯಾಗ ಯಾರರ ತಗ್ಗ ತೋಡತಾರೇನ?"

"ನನಗ್ಯಾಕ ಕೇಳತಿ ತಂಗಿ. ಮೆಂಬರ್ರು ಅಂದ್ರು, ನಿಮ್ಮಣ್ಣ ಹೂಂ ಅಂದಾ. ನಾ ಕುಣಿ ತೋಡಾಂವ, ಜಾಗಾ ಹುಡಕಾಂವ ಅಲ್ಲ."

ಒಡ್ಡು ದೊಡ್ಡದೇನಲ್ಲ. ಉದ್ದ ನೂರ ನಲವತ್ತು ಮೀಟರ್, ಎತ್ತರ ಏಳು. ಗುಡ್ಡದಿಂದ ಇಳಿಯುವ ಹಳ್ಳ ಮಳೆಗಾಲದಲ್ಲಿ ಕೆಳಗಿನ ಓಣಿಯ ಮನೆಗಳಿಗೆ ನುಗ್ಗದಂತೆ ತಡೆದು, ನೀರನ್ನು ತೂಬಿನಿಂದ ನಿಧಾನವಾಗಿ ಬಿಡಲೆಂದು ಮೂವತ್ಮೂರು ವರ್ಷಗಳ ಹಿಂದೆ ಕಟ್ಟಿದ ಮಣ್ಣಿನ ದಿಬ್ಬ. ಈಗ ಆಗಸ್ಟ್. ನೀರು ಒಡ್ಡಿನ ತಲೆಯಿಂದ ಮೂರಡಿ ಕೆಳಗೆ ತುಂಬಿ ನಿಂತಿತ್ತು. ಕಟಕೋಳದ ಕಡೆಯಿಂದ ಮೋಡ ಕಟ್ಟುತ್ತಿತ್ತು. ಕುಣಿಗೆ ಆರಿಸಿದ್ದು, ಅಮೋಘಸಿದ್ದಪ್ಪ ದಿನವೂ ಕೂರುತ್ತಿದ್ದ ಚಪ್ಪಟೆ ಕಲ್ಲಿನ ಮಗ್ಗುಲ ಜಾಗವನ್ನು.

ರಾಣಿ ಕಿತ್ತೂರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ತುಂಬಿದ ಒಡ್ಡನ್ನು ತಲೆಯಿಂದ ಸಡಿಲಿಸಬಾರದು, ಅಗೆದ ಮಣ್ಣು ಮೊದಲಿನಂತೆ ಕೂಡುವುದಿಲ್ಲ, ನೀರಿಗೆ ದಾರ ಹಾಯುವಷ್ಟು ದಾರಿ ಸಿಕ್ಕರೂ ಅದು ತಾನೇ ಅಗಲ ಮಾಡಿಕೊಳ್ಳುತ್ತದೆ ಎಂದು ಅವಳು ಮೂರು ಸಲ ವಿವರಿಸಿದಳು. ಬಸವಣ್ಣೆಪ್ಪ ಮೂರೂ ಸಲ ತಲೆದೂಗಿದ. ಸಮಾಧಿಗೆ ಕಟ್ಟೆ ಕಟ್ಟಿಸುವುದಾಗಿಯೂ, ಹೆಸರು ಕೊರೆಸುವುದಾಗಿಯೂ, ಫ್ಲೆಕ್ಸಿಗೆ ಫೋಟೋ ಆಗಲೇ ಕಳಿಸಿದ್ದಾಗಿಯೂ ಹೇಳಿದ. ಅವನ ಮಾತಿನಲ್ಲಿ ಕಪಟವಿರಲಿಲ್ಲ. ಅದೇ ರಾಣಿಗೆ ಹೆಚ್ಚು ಸಿಟ್ಟು ಹುಟ್ಟಿಸಿತು.

ಒಡ್ಡಿನ ಕೆಳಗೇ ಹೊಲವಿದ್ದ ಶಂಕರೆಪ್ಪ ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡ. "ನಿಮ್ಮಪ್ಪ ಒಡ್ಡಿನ ಮ್ಯಾಲಿನ ನನ್ನ ಎಮ್ಮಿ ಗೂಟಾ ಕಿತ್ತ ಹಳ್ಳಕ್ಕ ಒಗದಾಂವ. ಗೇಣುದ್ದ ಗೂಟಾ ಅದು. ಈಗ ನೋಡಿದ್ರ ತಾನ ಆರಡಿ ಇಳ್ಯಾಕ ಹತ್ಯಾನ."

ಸುನೀಲ ನಗಲಿಲ್ಲ. ಎಂ.ಕೆ. ಹುಬ್ಬಳ್ಳಿಯ ಕಡೆ ಕಬ್ಬಿನ ಟ್ರ್ಯಾಕ್ಟರ್ ಓಡಿಸುವ ಅವನು ರಾತ್ರಿಯಿಡೀ ನಿದ್ದೆಗೆಟ್ಟಿದ್ದ. "ಹೆಣಾ ಇಟಗೊಂಡ ವಾದಾ ಬ್ಯಾಡ ರಾಣಿ. ಬದುಕಿದ್ದಾಗ ಅಂವಾ ಮಂದಿ ಜೋಡಿ ಮಾಡಿದ ವಾದಾನ ಸಾಕು."

ಕೊನೆಗೆ ಒಂದು ಒಪ್ಪಂದವಾಯಿತು. ಈ ಒಡ್ಡನ್ನು ಕಟ್ಟಿಸಿದ ಇಂಜಿನಿಯರ್ ಕೃಷ್ಣಾಜಿ, ಸಾವಿನ ಸುದ್ದಿ ಕೇಳಿ ಸವದತ್ತಿಯಿಂದ ಆಗಲೇ ಹೊರಟಿದ್ದರು. ಅವರು ಬಂದು ಏನು ಹೇಳುತ್ತಾರೋ ಅದು. ಅಲ್ಲಿಯ ತನಕ ಕೆಲಸ ನಿಲ್ಲಬೇಕು ಎಂದಳು ರಾಣಿ. ಬೇಡವೆಂದರೆ ಮುಚ್ಚಿದರಾಯಿತು, ಅಲ್ಲಿಯ ತನಕ ಎರಡಡಿ ಆಗಿರಲಿ ಎಂದ ಬಸವಣ್ಣೆಪ್ಪ. ದುರ್ಗಪ್ಪ ಇಬ್ಬರ ಮುಖವನ್ನೂ ನೋಡಿ, ಸ್ವಲ್ಪ ಮೆಲ್ಲಗೆ ಅಗೆಯತೊಡಗಿದ.

*

ಅಮೋಘಸಿದ್ದಪ್ಪನನ್ನು ಒಡ್ಡು ಕಾಯಲು ಯಾರೂ ನೇಮಿಸಿರಲಿಲ್ಲ. ಇದು ಊರಿಗೆ ಮೊದಮೊದಲು ತಮಾಷೆಯಾಗಿಯೂ ಆಮೇಲೆ ಕಾಟವಾಗಿಯೂ ಕಂಡ ವಿಷಯ. ಅವನು ಒಡ್ಡಿನ ಮೇಲೆ ದನ ಹತ್ತಗೊಡುತ್ತಿರಲಿಲ್ಲ. ಹೆಗ್ಗಣದ ಬಿಲಗಳನ್ನು ಹುಡುಕಿ, ಶಂಕರೆಪ್ಪನ ಹೊಲದಿಂದ ಕೇಳದೆ ತಂದ ಎರೆಮಣ್ಣು ತುಂಬಿ ಒನಕೆಯಿಂದ ಜಡಿಯುತ್ತಿದ್ದ. ಒಂದು ವರ್ಷ ಬಸವಣ್ಣೆಪ್ಪ ಮಕ್ಕಳನ್ನು ಕರೆತಂದು ಒಡ್ಡಿನುದ್ದಕ್ಕೂ ಇಪ್ಪತ್ತೈದು ಬೇವಿನ ಸಸಿ ನೆಡಿಸಿ ಫೋಟೋ ಹೊಡೆಸಿಕೊಂಡ. ಮಾರನೆಯ ಬೆಳಿಗ್ಗೆ ಇಪ್ಪತ್ತೈದೂ ಸಸಿಗಳು, ಬೇರಿನ ಮಣ್ಣು ಒಂದಿಷ್ಟೂ ಉದುರದಂತೆ, ಬಸವಣ್ಣೆಪ್ಪನ ಮನೆಯ ಕಟ್ಟೆಯ ಮೇಲೆ ಸಾಲಾಗಿ ನಿಂತಿದ್ದವು. ಬೇರು ಸತ್ತರೆ ಅದೇ ನೀರಿಗೆ ಕೊಳವೆ ಎಂದು ಅವನ ವಾದ. ಮತ್ತೊಮ್ಮೆ, ಜನರೇಟರ್ ಹೇರಿದ ಟ್ರ್ಯಾಕ್ಟರಿನೊಂದಿಗೆ ಬಂದ ಮದುವೆಯ ದಿಬ್ಬಣಕ್ಕೆ ಅಡ್ಡ ಮಲಗಿ, ಮದುಮಗನನ್ನು ಮೂರು ಕಿಲೋಮೀಟರ್ ಸುತ್ತು ಹಾಕಿಸಿದ್ದ. ಆ ಮದುಮಗ ಬಸವಣ್ಣೆಪ್ಪನ ಅಳಿಯ.

ಮನೆಯವರಿಗೆ ಕಾಟ ಬೇರೆ ಬಗೆಯದು. ದಿನವೂ ಬೆಳಿಗ್ಗೆ ಆರಕ್ಕೆ ಅವನು ಮನೆಯ ಒಂದೇ ಹಿತ್ತಾಳೆಯ ಕೊಡ ಎತ್ತಿಕೊಂಡು ಒಡ್ಡಿನ ಬುಡಕ್ಕೆ ಹೋಗುತ್ತಿದ್ದ. ಅಲ್ಲಿ, ಆ ಚಪ್ಪಟೆ ಕಲ್ಲಿನ ನೇರ ಕೆಳಗೆ, ಮಳೆಗಾಲದ ನಾಲ್ಕು ತಿಂಗಳು ಬೆರಳು ದಪ್ಪದ ಒಂದು ಜಿನುಗು ಇಳಿಯುತ್ತಿತ್ತು. ಅದಕ್ಕೆ ಕೊಡ ಹಿಡಿದು, ತುಂಬಲು ಎಷ್ಟು ಹೊತ್ತಾಯಿತೆಂದು ಎಣಿಸುತ್ತಿದ್ದ. ಕೊಡ ಬರುವ ತನಕ ಮನೆಯಲ್ಲಿ ಒಲೆಯ ಮೇಲೆ ನೀರು ಏರುತ್ತಿರಲಿಲ್ಲ. ಲೆಕ್ಕ ಬರೆಯಲು ರಾಣಿಯ ವಿಜ್ಞಾನದ ನೋಟುಬುಕ್ಕಿನ ಹಿಂದಿನ ಹಾಳೆಗಳು. ಹೂವಿನ ಭಾಗಗಳ ಚಿತ್ರದ ಬೆನ್ನಿಗೆ ಅವನ ಸೊಟ್ಟ ಅಕ್ಷರ: ತಾರೀಖು, ನಿಮಿಷ, ಸೆಕೆಂಡು, ಕೊನೆಗೆ "ತಿಳಿ". ಮಾಸ್ತರರು ಅದನ್ನು ನೋಡಿ ಇಡೀ ವರ್ಗದ ಮುಂದೆ ಓದಿಸಿದ ದಿನ ರಾಣಿ ತಂದೆಯೊಂದಿಗೆ ಮಾತು ಬಿಟ್ಟಿದ್ದಳು. ಅವನಿಗೆ ಅದು ಗೊತ್ತಾದದ್ದು ನಾಲ್ಕನೆಯ ದಿನ. ಅವಳ ಮದುವೆಯ ದಿನ ಮಳೆ ಬಂತು. ಅಕ್ಷತೆ ಬಿದ್ದು ಅರ್ಧ ತಾಸಾದ ಮೇಲೆ, ಮೊಣಕಾಲ ತನಕ ಕೆಸರಿನಲ್ಲಿ, ಅವನು ಮಂಟಪಕ್ಕೆ ಬಂದಿದ್ದ.

೨೦೧೯ರ ಆಗಸ್ಟ್‌ನಲ್ಲಿ ಸುತ್ತಲ ಊರುಗಳಿಗೆ ನೀರು ನುಗ್ಗಿದಾಗ ಒಡ್ಡು ನಿಂತಿತು. ಕೆಳಗಿನ ಓಣಿಯ ಅರವತ್ತೆರಡು ಮನೆಗಳಲ್ಲಿ ಒಂದರ ಹೊಸ್ತಿಲೂ ನೆನೆಯಲಿಲ್ಲ. ಅಂದಿನಿಂದ ಊರು ಅವನನ್ನು ಗೌರವಿಸತೊಡಗಿತು. ಬೈಯುವುದನ್ನೂ ಬಿಡಲಿಲ್ಲ.

*

ಕೃಷ್ಣಾಜಿ ಹತ್ತು ಇಪ್ಪತ್ತೈದಕ್ಕೆ ಬಂದರು. ವಯಸ್ಸು ಎಂಬತ್ತೊಂದು. ಇಬ್ಬರು ಹಿಡಿದು ಒಡ್ಡು ಹತ್ತಿಸಿ ಅದೇ ಕಲ್ಲಿನ ಮೇಲೆ ಕೂರಿಸಿದರು. ರಾಣಿ ನಾಲ್ಕನೆಯ ಸಲ ಎಲ್ಲವನ್ನೂ ವಿವರಿಸಿದಳು. ಅವರು ಕೋಲಿನ ತುದಿಯಿಂದ ಕುಣಿಯ ಅಂಚು ತಟ್ಟಿ ನೋಡಿದರು.

"ನೀ ಅನ್ನೂದು ಪುಸ್ತಕದ ಪ್ರಕಾರ ಖರೇ ಅದವಾ," ಎಂದರು. "ಆದ್ರ ಈ ಒಡ್ಡಿನ ನಡುವ ಅಚ್ಚ ಎರಿಮಣ್ಣಿನ ಗೋಡಿ ಅದ. ಬುಡದಿಂದ ತಲಿ ತನಕ. ನಾನs ನಿಂತು ಹಾಕಿಸೀನಿ, ಎತ್ತಿನ ಕಾಲಿಲೆ ತುಳಿಸೀನಿ. ಅದು ಇರೂ ತನಕ ಮ್ಯಾಲೊಂದು ನಾಲ್ಕಡಿ ತೋಡಿದ್ರ ಏನೂ ಆಗೂದಿಲ್ಲ."

"ಕೇಳಿದೇನ ತಂಗಿ," ಎಂದ ಬಸವಣ್ಣೆಪ್ಪ, ಗೆದ್ದ ದನಿಯಲ್ಲಲ್ಲ, ಸಮಾಧಾನ ಮಾಡುವ ದನಿಯಲ್ಲಿ.

ಆದರೂ ಬೇಡವೆಂದೇ ತಮ್ಮ ಅಭಿಪ್ರಾಯ ಎಂದು ಕೃಷ್ಣಾಜಿ ಸೇರಿಸಿದರು. ಹಾಗಾದರೆ ನಿಲ್ಲಿಸಲೇ ಎಂದು ದುರ್ಗಪ್ಪ ಕೇಳಿದ. ನಿಲ್ಲಿಸಲೇಬೇಕು ಎಂದೇನಿಲ್ಲ ಎಂದರು. ಹಾಗಾದರೆ ತೋಡಲೇ ಎಂದ. ತೋಡು ಎಂದು ತಾವು ಹೇಳಲಾರೆವು ಎಂದರು. ರಾಣಿ ಹಣೆ ಚಚ್ಚಿಕೊಂಡಳು. ದುರ್ಗಪ್ಪ ಕುಣಿಗೆ ಇಳಿದ.

ಹನ್ನೊಂದು ಗಂಟೆಯ ಸುಮಾರಿಗೆ ಪಿಕಾಸಿಯ ಸದ್ದು ಬದಲಾಯಿತು. ಅದುವರೆಗೆ ಮಣ್ಣು ಬೆಲ್ಲದ ಪೆಂಟೆಯಂತೆ ಕಪ್ಪಾಗಿ, ಜಿಗುಟಾಗಿ ಏಳುತ್ತಿತ್ತು. ಈಗ ಕರಕರ ಎಂದಿತು.

"ಸಾಹೇಬ್ರ, ಇಲ್ಲಿ ಕೆಂಪ ಬಂತು. ಗರಸು. ತಳಾನೂ ಹಸಿ ಹಿಡದೈತಿ."

ಕೃಷ್ಣಾಜಿ ನಂಬಲಿಲ್ಲ. ಒಂದು ಹಿಡಿ ಮೇಲಕ್ಕೆ ತರಿಸಿ ಅಂಗೈಯಲ್ಲಿ ತಿಕ್ಕಿ ನೋಡಿದರು. ಎಲ್ಲಿಯದಿದು, ನೀರು ಸೋರಗೊಡುವ ಹರಳುಮಣ್ಣು, ಇಲ್ಲಿ ಗರಸು ಬರಲು ಸಾಧ್ಯವೇ ಇಲ್ಲ ಎಂದು ಮತ್ತೆ ಮತ್ತೆ ಅಂದರು. ಕುಣಿಯ ಆಳ ಆಗ ನಾಲ್ಕಡಿ. ನೀರಿನ ಮಟ್ಟಕ್ಕಿಂತ ಒಂದಡಿ ಕೆಳಗೆ.

ಕುಡಿಯುವ ನೀರು ತರಲು ಮನೆಗೆ ಹೋದ ಶಂಕರೆಪ್ಪ ಈ ಸುದ್ದಿಯನ್ನು ಪಡಸಾಲೆಯಲ್ಲಿ ಹೇಳಿದ. ರಾತ್ರಿಯಿಂದ ಗಂಡನ ಹೆಣದ ಬಳಿಯಿಂದ ಅಲುಗದ, ಒಂದು ಮಾತೂ ಆಡದ ಮರೆವ್ವ ಎದ್ದು ನಿಂತಳು. ಹೆಂಗಸರು ಸೆರಗು ಹಿಡಿದು ತಡೆದರು. ಅವಳು ಬಿಡಿಸಿಕೊಂಡು ನಡೆದಳು. ಅರವತ್ತೆಂಟರ ಹೆಂಗಸು ಯಾರ ಕೈಯನ್ನೂ ಹಿಡಿಯದೆ ಒಡ್ಡು ಹತ್ತಿ ಬಂದು, ಕುಣಿಯೊಳಗೆ ಬಗ್ಗಿ ನೋಡಿದಳು.

"ಸಾಹೇಬ್ರ, ಅದು ನಮ್ಮ ಗರಸು. ಹನ್ನೆರಡ ಚಕ್ಕಡಿ. ರಾಣಿ ಅಪ್ಪ ಹಾಕ್ಯಾನ."

*

೧೯೯೧ರ ಮೇ ಹದಿನಾಲ್ಕು. ಒಡ್ಡು ತಲೆ ಮುಟ್ಟಲು ಐದಾರು ಪದರ ಬಾಕಿ. ನಡುವಿನ ಗೋಡೆಗೆ ಎರೆಮಣ್ಣು ಬರಬೇಕಾದದ್ದು ಎರಡೂವರೆ ಕಿಲೋಮೀಟರ್ ದೂರದ ಬತ್ತಿದ ಕೆರೆಯ ಅಂಗಳದಿಂದ. ಹೊರಮೈಗೆ ಹಾಕುವ ಕೆಂಪು ಗರಸು ಒಡ್ಡಿನ ಮಗ್ಗುಲ ದಿನ್ನೆಯಲ್ಲೇ ಸಿಗುತ್ತಿತ್ತು. ಅಮೋಘಸಿದ್ದಪ್ಪನ ಚಕ್ಕಡಿಗೆ ಆ ದಿನ ಹನ್ನೆರಡು ಖೇಪು ಎರೆಮಣ್ಣು ವಹಿಸಿದ್ದರು.

ಬುಟ್ಟಿ ಹೊರುತ್ತಿದ್ದ ಮರೆವ್ವನಿಗೆ ಎಂಟರ ಹೊತ್ತಿಗೆ ಬೇನೆ ಬಂತು. ಮನೆಗೆ ಕಳಿಸಿದರು. ಕೂಸು ಅಡ್ಡ ತಿರುಗಿದೆ ಎಂದು ಸೂಲಗಿತ್ತಿ ಹೇಳಿಕಳಿಸಿದಳು. ಅಡ್ಡಮಳೆಯ ಮೋಡ ಕಟ್ಟುತ್ತಿತ್ತು. ಆ ದಿನದ ಪದರ ಮುಚ್ಚುವ ತನಕ ಯಾವ ಚಕ್ಕಡಿಯನ್ನೂ ಬಿಡಲಾಗದು ಎಂದ, ಕೆಲಸ ಮಾಡಿಸುತ್ತಿದ್ದ ಮುಕಾದಮ. ಕೃಷ್ಣಾಜಿ ಕಚೇರಿಯ ಕೆಲಸಕ್ಕೆ ರಾಮದುರ್ಗಕ್ಕೆ ಹೋಗಿದ್ದರು. ಕೆರೆಯಿಂದ ಹನ್ನೆರಡು ಖೇಪು ಎಂದರೆ ಕತ್ತಲು. ದಿನ್ನೆಯಿಂದಾದರೆ ಮಧ್ಯಾಹ್ನ. ಅವನು ದಿನ್ನೆಯ ಕಡೆಗೆ ಎತ್ತು ತಿರುಗಿಸಿದ. ಊಟಕ್ಕೆ ಕುಳಿತ ಮಂದಿ ಏಳುವಷ್ಟರಲ್ಲಿ, ಇನ್ನೊಬ್ಬರ ಗುಪ್ಪೆಯಿಂದ ಎರೆಮಣ್ಣು ಎಳೆದು ಕೆಂಪಿನ ಮೇಲೆ ತೆಳ್ಳಗೆ ಮುಚ್ಚಿ, ಮನೆಗೆ ಓಡಿದ.

ರಾಣಿ ಹುಟ್ಟಿದ್ದು ಒಂದೂವರೆಗೆ. ಕೂಸು ಅತ್ತಿತು. ಅರೆಗಣ್ಣು ತೆರೆದ ಮರೆವ್ವನಿಗೆ ಮೊದಲು ಕಂಡದ್ದು ಬಾಗಿಲಲ್ಲಿ ನಿಂತ ಗಂಡನ ಕಾಲುಗಳು. ಎರೆಮಣ್ಣು ಹೇರಿದ ದಿನ ಆ ಕಾಲುಗಳು ಕಪ್ಪಗಿರುತ್ತಿದ್ದವು. ಆ ದಿನ ಮೊಣಕಾಲ ತನಕ ಕೆಂಪಗಿದ್ದವು.

ನಡೆದದ್ದನ್ನು ಅವಳಿಗೆ ಒಪ್ಪಿಕೊಂಡು, ಎರಡು ದಿನ ಬಿಟ್ಟು ಸಾಹೇಬರಿಗೆ ಹೇಳುತ್ತೇನೆ ಎಂದ. ಅಷ್ಟರಲ್ಲಿ ಮೇಲೆ ಮತ್ತೆ ಎರಡು ಪದರ ಬಿದ್ದವು. ಮೊದಲ ಮಳೆಗಾಲದಲ್ಲಿ ಒಡ್ಡಿನ ಬುಡದಲ್ಲಿ ಜಿನುಗು ಕಂಡಿತು. ನೋಡಲು ಬಂದ ಕೃಷ್ಣಾಜಿಯವರ ಹಿಂದೆ ಅವನೂ ಹೋದ, ಹೇಳಲೆಂದೇ ಹೋದ. ಎಲ್ಲ ಮಣ್ಣಿನ ಒಡ್ಡುಗಳೂ ಸ್ವಲ್ಪ ಬೆವರುತ್ತವೆ, ಹೆದರಬಾರದು ಎಂದರು ಅವರು. ದಿನವೂ ಯಾರಾದರೂ ಒಂದು ಕೊಡ ಹಿಡಿದು ಅಳೆದರೆ ಸಾಕು. ನೀರು ತಿಳಿಯಿದ್ದರೆ ಚಿಂತೆಯಿಲ್ಲ, ಕದಡಿ ಬಂದರೆ ಒಳಗೆ ಮಣ್ಣು ಕರಗುತ್ತಿದೆ ಎಂದು ಅರ್ಥ. ಅಮೋಘಸಿದ್ದಪ್ಪ ಹೇಳಬೇಕಾದದ್ದನ್ನು ಹೇಳಲಿಲ್ಲ. ಮನೆಗೆ ಬಂದು ಕೊಡ ತೆಗೆದುಕೊಂಡ.

*

"ಪ್ರತಿ ಮಳಿಗಾಲಕ್ಕ ನಾ ಬಡಕೊಂಡೇನಿ, ಹೇಳಿ ಬಿಡಪಾ ಅಂತ," ಎಂದಳು ಮರೆವ್ವ. "ಹೇಳಿದ್ರ ಒಡ್ಡ ಒಡಸ್ತಾರ ಅಂದಾ. ಮುಂದ, ಇಷ್ಟ ದಿನಾ ಯಾಕ ಹೇಳಲಿಲ್ಲ ಅಂತಾರ ಅಂದಾ. ನನಗೂ ಸಾಕಾಗಿತ್ತರಿ. ಇವತ್ತ ಅಂವಗ ಮಾನಾ ಮಾಡಾಕ ಬಂದೀರಿ. ನಿಮ್ಮ ಮಾನಾ ಅಂವನ ಗರಸಿನ ಮ್ಯಾಲ ಬಂದ ಕುಂತೈತಿ."

ಕೃಷ್ಣಾಜಿ ಅಂಗೈಯ ಕೆಂಪನ್ನು ಒರೆಸಿಕೊಳ್ಳದೆ ಕೂತಿದ್ದರು.

"ಆವಾಗ ಹೇಳಿದ್ರ ಎರಡ ದಿನದ ಕೆಲಸ ಇತ್ತು," ಎಂದರು ಕೊನೆಗೆ. "ಎರಡ ದಿನದ ಕೆಲಸಕ್ಕ ಜನ್ಮಾನs ಹಾಕಿದನಲ್ಲೋ."

ರಾಣಿ ಅಷ್ಟರಲ್ಲಿ ಒಡ್ಡಿನ ಇಳಿಜಾರಿನಲ್ಲಿ ಕೂತು, ಜಾರಿ, ಬುಡಕ್ಕೆ ಇಳಿದಿದ್ದಳು. ಜಿನುಗಿನ ಕೆಳಗೆ ಬೊಗಸೆ ಹಿಡಿದಳು. ಬೊಗಸೆಯಲ್ಲಿ ತನ್ನ ಅಂಗೈಯ ಗೆರೆ ಕಾಣಬೇಕಿತ್ತು. ಕಾಣಲಿಲ್ಲ. ನೀರು ತೆಳು ಚಹಾದ ಬಣ್ಣಕ್ಕೆ ತಿರುಗಿತ್ತು.

"ಕದಡೇತಿ," ಎಂದಳು. ಕೂಗಿ ಹೇಳುವ ಅಗತ್ಯವಿರಲಿಲ್ಲ. ಮೇಲೆ ಎಲ್ಲರೂ ಒಡ್ಡಿನ ಅಂಚಿಗೆ ಬಂದು ಬಗ್ಗಿ ನೋಡುತ್ತಿದ್ದರು.

ಆಮೇಲೆ ಕೃಷ್ಣಾಜಿ ಹಿಂಜರಿಯಲಿಲ್ಲ. ಕುಣಿಯ ಕೆಂಪನ್ನೆಲ್ಲ ಹೊರಗೆ ತೆಗೆಯಬೇಕು, ಎರೆಮಣ್ಣು ಗೇಣು ಗೇಣು ಪದರವಾಗಿ ಹಾಕಿ ತುಳಿಯಬೇಕು, ಮಳೆ ಬರುವ ಮೊದಲು ಮುಗಿಯಬೇಕು ಎಂದರು. ಎರೆಮಣ್ಣು ಹತ್ತಿರ ಇದ್ದದ್ದು ಶಂಕರೆಪ್ಪನ ಹೊಲದಲ್ಲಿ. ಎಲ್ಲರೂ ಅವನ ಕಡೆ ನೋಡಿದರು.

"ತಗೋರಿ," ಎಂದ ಶಂಕರೆಪ್ಪ. "ಸತ್ತ ಮ್ಯಾಲೂ ನನ್ನ ಹೊಲಾ ಬಿಡವಲ್ಲ ಇಂವಾ."

ಹೊಲದಲ್ಲಿ ಟ್ರ್ಯಾಕ್ಟರಿಗೆ ಮಣ್ಣು ತುಂಬಿತು. ಸುನೀಲ ಓಡಿಸಿಕೊಂಡು ಬಂದು ಒಡ್ಡಿನ ತುದಿಯಲ್ಲಿ ನಿಲ್ಲಿಸಿ ಇಳಿದ. ಮೇಲೆ ಹತ್ತಿಸು, ಹೊತ್ತು ಹೋಗುತ್ತಿದೆ ಎಂದು ಬಸವಣ್ಣೆಪ್ಪ ಕೈ ಬೀಸಿದ. ಸುನೀಲ ಕೀಲಿ ತೆಗೆದು ಜೇಬಿಗೆ ಹಾಕಿಕೊಂಡ.

"ಒಡ್ಡಿನ ಮ್ಯಾಲ ಟ್ರ್ಯಾಕ್ಟರ್ ಹತ್ಸೂದಿಲ್ಲ. ಅಪ್ಪ ಬೈತಾನ."

ಹೀಗಾಗಿ ಅಲ್ಲಿಂದ ಕುಣಿಯ ತನಕ ಎಪ್ಪತ್ತು ಮೀಟರ್ ಉದ್ದಕ್ಕೆ ಹೆಣ ಮಣ್ಣು ಮಾಡಲು ಬಂದ ಮಂದಿ ಸಾಲಾಗಿ ನಿಂತು ಬುಟ್ಟಿ ಕೈಯಿಂದ ಕೈಗೆ ದಾಟಿಸಿದರು. ಮೂರು ಮೂರು ಜನ ಕುಣಿಗೆ ಇಳಿದು ತುಳಿದರು. ಹೆಣದ ಮುಂದೆ ಬಾರಿಸಲು ಬಂದ ಹಲಗೆಯವರು ಸುಮ್ಮನೆ ಕೂರಲಾಗದೆ ಬಾರಿಸತೊಡಗಿದರು. ಹೆಜ್ಜೆಗಳು ಅದಕ್ಕೆ ಹೊಂದಿಕೊಂಡವು. ಬಸವಣ್ಣೆಪ್ಪ ಇಸ್ತ್ರಿಯ ಬಿಳಿ ಧೋತರವನ್ನು ಮೇಲೆ ಕಟ್ಟಿ ತುಳಿದ. ಈ ಮನುಷ್ಯ ನನ್ನ ಬೇವಿನ ಸಸಿ ಕಿತ್ತ, ಬೀಗರ ದಿಬ್ಬಣ ತಡೆದ, ಈಗ ಕೆಸರು ತುಳಿಸುತ್ತಿದ್ದಾನೆ ಎಂದು ಒಂದೊಂದು ಹೆಜ್ಜೆಗೂ ಅನ್ನುತ್ತಿದ್ದ. ಹುಷಾರಾಗಿ ತುಳಿಯುತ್ತಿದ್ದ. ಪಡಸಾಲೆಯಲ್ಲಿ ಅಮೋಘಸಿದ್ದಪ್ಪ ಕಂಬಳಿ ಹೊದ್ದು ಕಾಯುತ್ತ ಕೂತಿದ್ದ. ಕೆಲಸ ಮುಗಿದಾಗ ಮೂರು ಇಪ್ಪತ್ತು.

ಅವನನ್ನು ಹೊಲದಲ್ಲಿ ಹೂತರು. ಒಬ್ಬ ಮನುಷ್ಯನಿಗೆ ಒಂದೇ ದಿನ ಎರಡು ಕುಣಿ ತೋಡಿದ್ದು ತನ್ನ ಜೀವಮಾನದಲ್ಲಿ ಇದೇ ಮೊದಲು ಎಂದು ದುರ್ಗಪ್ಪ ಗೊಣಗಿದ. ಹಿಡಿಮಣ್ಣು ಹಾಕುವ ಹೊತ್ತಿಗೆ ಸುನೀಲ ಟ್ರೇಲರಿನ ಹಿಂಬಾಗಿಲು ಇಳಿಸಿದ. ಒಡ್ಡಿನಿಂದ ತೆಗೆದ ಕೆಂಪು ಗರಸು ಅದರಲ್ಲಿತ್ತು. ಬೇರೆ ಎಲ್ಲಿ ಹಾಕಬೇಕೆಂದು ಯಾರಿಗೂ ತೋಚಿರಲಿಲ್ಲ. ಮರೆವ್ವ ಮೊದಲ ಹಿಡಿ ತೆಗೆದುಕೊಂಡು ಅವನ ಪಾದಗಳ ಮೇಲೆ ಹಾಕಿದಳು. ಆಮೇಲೆ ಊರು ಹಾಕಿತು.

ಮಳೆ ಆರು ಗಂಟೆಗೆ ಹನಿದು ನಿಂತಿತು. ಆರೂವರೆಗೆ ರಾಣಿ ಹಿತ್ತಾಳೆಯ ಕೊಡ ತೆಗೆದುಕೊಂಡು ಒಡ್ಡಿನ ಬುಡಕ್ಕೆ ಹೋದಳು. ಮರೆವ್ವ ಹಿಂದೆಯೇ ಬಂದು ಸ್ವಲ್ಪ ದೂರದಲ್ಲಿ ಕೂತಳು. ಒಲೆ ಹೊತ್ತಿಸಿ ಬಂದಿದ್ದೇನೆ, ಬೇಗ ಮುಗಿಸು ಎಂದಳು. ರಾಣಿ ಕೊಡವನ್ನು ಜಿನುಗಿಗೆ ಒಡ್ಡಿ, ಮೊಬೈಲಿನಲ್ಲಿ ಹೊತ್ತು ನೋಡಿದಳು. ತುಂಬಿದ ಮೇಲೆ ಬೊಗಸೆಯಲ್ಲಿ ನೀರು ಹಿಡಿದು, ಬೆಳಕಿನ ಕಡೆ ತಿರುಗಿಸಿ, ಒಂದು ನಿಮಿಷ ನೋಡಿದಳು. ಜೊತೆಗೆ ತಂದಿದ್ದ ಲೆಕ್ಕದ ನೋಟುಬುಕ್ಕಿನಲ್ಲಿ ತಂದೆಯ ಕೊನೆಯ ಸಾಲು ನಿನ್ನೆ ಬೆಳಗಿನದು: ಆರು ನಿಮಿಷ ಹತ್ತು ಸೆಕೆಂಡು, ತಿಳಿ. ಅದರ ಕೆಳಗೆ ತಾರೀಖು ಹಾಕಿ ಬರೆದಳು:

ಆರು ನಿಮಿಷ ನಲವತ್ತು ಸೆಕೆಂಡು. ತಿಳಿ.